ಯುದ್ಧಕ್ಕೆ ಇಳಿದ ಸರ್ಕಾರದ ಉದ್ದೇಶವನ್ನು ತೂಗಿ ನೋಡುವುದು ಹೇಗೆ?

ಒಂದು ಸರ್ಕಾರ ಯುದ್ಧಕ್ಕೆ ಇಳಿದ ದಿನವೇ ಎರಡು ಸಿದ್ಧ ಉತ್ತರಗಳು ನಮ್ಮ ಮುಂದೆ ಬಂದು ನಿಲ್ಲುತ್ತವೆ. ಬೇರೆ ದಾರಿಯೇ ಉಳಿಯದೆ ಆತ್ಮರಕ್ಷಣೆಗಾಗಿ ಆಯುಧ ಹಿಡಿದೆವು ಎಂದು ಸರ್ಕಾರ ಹೇಳುತ್ತದೆ. ಇದೆಲ್ಲ ತೈಲಕ್ಕಾಗಿ, ಚುನಾವಣೆಗಾಗಿ, ಶಸ್ತ್ರಾಸ್ತ್ರ ಕಂಪನಿಗಳ ಲಾಭಕ್ಕಾಗಿ ಎಂದು ವಿರೋಧಿಗಳು ಹೇಳುತ್ತಾರೆ. ಇವೆರಡೂ ಸಾಮಾನ್ಯವಾಗಿ ಸಾಕ್ಷ್ಯ ಕೈಗೆ ಸಿಗುವ ಮೊದಲೇ ಹುಟ್ಟಿಕೊಂಡ ಉತ್ತರಗಳು. ಸಾವಿರಾರು ಜನರ ಪ್ರಾಣ ತೆಗೆಯುವ ನಿರ್ಧಾರವೊಂದನ್ನು ಇಷ್ಟು ಅಗ್ಗವಾಗಿ ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ಸಲ್ಲದು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇದನ್ನು ಅನುಸರಿಸಲು ಗೂಢಚಾರರ ಕಡತಗಳು ಬೇಕಿಲ್ಲ. ಪತ್ರಿಕೆಗಳು, ಸಂಸತ್ತಿನ ಚರ್ಚೆಗಳು, ವಿಶ್ವಸಂಸ್ಥೆಯ ದಾಖಲೆಗಳು ಮತ್ತು ಮುಂದೊಂದು ದಿನ ಹೊರಬರುವ ತನಿಖಾ ವರದಿಗಳಿಂದಲೇ ಬಹಳಷ್ಟು ದೂರ ಹೋಗಬಹುದು.

ಮೊದಲ ಹೆಜ್ಜೆ: ನಿರ್ಧಾರ ತೆಗೆದುಕೊಂಡವರು ಯಾರೆಂದು ಬರೆದಿಟ್ಟುಕೊಳ್ಳಿ

ಸರ್ಕಾರಕ್ಕೆ ಒಂದು ಮನಸ್ಸು ಇರುವುದಿಲ್ಲ. ಅಧ್ಯಕ್ಷ ಅಥವಾ ಪ್ರಧಾನಿ, ರಕ್ಷಣಾ ಮತ್ತು ವಿದೇಶಾಂಗ ಸಚಿವರು, ಸೇನಾ ಮುಖ್ಯಸ್ಥರು, ಗುಪ್ತಚರ ಸಂಸ್ಥೆಗಳ ಮುಖ್ಯಸ್ಥರು, ಅನುಮೋದನೆ ನೀಡುವ ಸಂಸತ್ತು, ಜೊತೆಗೂಡುವ ಮಿತ್ರರಾಷ್ಟ್ರ, ಹೀಗೆ ಬೇರೆ ಬೇರೆ ಕಾರಣಗಳನ್ನು ಇಟ್ಟುಕೊಂಡ ಹಲವರು ಒಂದೇ ನಿರ್ಧಾರಕ್ಕೆ ಬಂದು ಸೇರುತ್ತಾರೆ. ಆದುದರಿಂದ ‘ಈ ಯುದ್ಧದ ನಿಜವಾದ ಕಾರಣ ಯಾವುದು’ ಎಂದು ಏಕವಚನದಲ್ಲಿ ಕೇಳುವ ಬದಲು, ಮೇಜಿನ ಸುತ್ತ ಕುಳಿತಿದ್ದ ಐದಾರು ಜನರ ಹೆಸರು ಬರೆದು, ಪ್ರತಿಯೊಬ್ಬರಿಗೂ ಯಾವ ಕಾರಣ ಮುಖ್ಯವಾಗಿತ್ತು, ಯಾರು ಒಪ್ಪದಿದ್ದರೆ ಯುದ್ಧವೇ ನಡೆಯುತ್ತಿರಲಿಲ್ಲ ಎಂದು ಕೇಳಿಕೊಳ್ಳಬೇಕು.

ಒಬ್ಬನೇ ಅಧಿಕಾರಿಯ ಮನಸ್ಸಿನಲ್ಲಿಯೂ ಕಾರಣಗಳು ಬೆರೆತಿರುತ್ತವೆ ಎಂಬುದಕ್ಕೆ ವಿಯೆಟ್ನಾಂ ಯುದ್ಧದ ಒಂದು ಪುಟ ಸಾಕು. ಅಮೆರಿಕದ ರಕ್ಷಣಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಜಾನ್ ಮೆಕ್‌ನಾಟನ್ 1965ರ ಮಾರ್ಚ್ 24ರಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಅವರಿಗೆ ಬರೆದ ಟಿಪ್ಪಣಿಯಲ್ಲಿ ತಮ್ಮ ದೇಶದ ಗುರಿಗಳನ್ನು ಶೇಕಡಾವಾರು ಲೆಕ್ಕದಲ್ಲಿ ಹಂಚಿದ್ದರು: ಅವಮಾನಕರ ಸೋಲನ್ನು ತಪ್ಪಿಸಿಕೊಂಡು, ಭರವಸೆ ಉಳಿಸಿಕೊಳ್ಳುವ ದೇಶ ಎಂಬ ಹೆಸರನ್ನು ಕಾಪಾಡಿಕೊಳ್ಳುವುದಕ್ಕೆ ಶೇ. 70, ದಕ್ಷಿಣ ವಿಯೆಟ್ನಾಂ ಮತ್ತು ನೆರೆಯ ಪ್ರದೇಶಗಳು ಚೀನಾದ ಕೈಸೇರದಂತೆ ತಡೆಯುವುದಕ್ಕೆ ಶೇ. 20, ದಕ್ಷಿಣ ವಿಯೆಟ್ನಾಂ ಜನರು ಇನ್ನೂ ಒಳ್ಳೆಯ, ಸ್ವತಂತ್ರ ಬದುಕನ್ನು ಬಾಳುವುದಕ್ಕೆ ಶೇ. 10. ಇದಾದ ಎರಡು ವಾರಕ್ಕೆ, ಏಪ್ರಿಲ್ 7ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ, ನಮಗಾಗಿ ಏನೂ ಬೇಡ, ದಕ್ಷಿಣ ವಿಯೆಟ್ನಾಂ ಜನರು ತಮ್ಮ ದೇಶವನ್ನು ತಮ್ಮದೇ ರೀತಿಯಲ್ಲಿ ನಡೆಸಿಕೊಳ್ಳುವಂತಾದರೆ ಸಾಕು ಎಂದರು. ಟಿಪ್ಪಣಿಯಲ್ಲಿ ಹತ್ತನೇ ಒಂದು ಪಾಲು ಪಡೆದಿದ್ದ ಕಾರಣ ಭಾಷಣದಲ್ಲಿ ಪೂರ್ತಿ ಜಾಗವನ್ನು ತುಂಬಿಕೊಂಡಿತು. ಜಾನ್ಸನ್ ಅವರದು ಬರಿಯ ಸುಳ್ಳು ಎಂದು ಇದರಿಂದ ತೀರ್ಮಾನಿಸಲಾಗದು. ಆ ಕಾರಣ ಪಟ್ಟಿಯಲ್ಲಿ ಇದ್ದೇ ಇತ್ತು. ಸಾರ್ವಜನಿಕವಾಗಿ ಹೇಳುವ ಕಾರಣಕ್ಕೂ ಒಳಗೆ ಕೆಲಸ ಮಾಡುವ ಕಾರಣಕ್ಕೂ ನಡುವಿನ ಅಂತರ ಹೆಚ್ಚಿನ ಸಲ ಹೀಗೆ ತೂಕದ ವ್ಯತ್ಯಾಸವಾಗಿರುತ್ತದೆ ಎಂಬುದನ್ನು ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕೆಲಸ ಹಗುರಾಗುತ್ತದೆ.

ಎರಡನೆಯ ಹೆಜ್ಜೆ: ಹೇಳಿದ ಕಾರಣಗಳನ್ನು ತಾರೀಕಿನ ಸಮೇತ ದಾಖಲಿಸಿ

ಸರ್ಕಾರ ಯಾವ ದಿನ, ಯಾರ ಮುಂದೆ, ಯಾವ ಕಾರಣ ಹೇಳಿತು ಎಂಬುದನ್ನು ಸಾಲಾಗಿ ಬರೆದುಕೊಳ್ಳಿ. ಸ್ವದೇಶದ ಟಿ.ವಿ. ಭಾಷಣದಲ್ಲಿ ಒಂದು, ಭದ್ರತಾ ಮಂಡಳಿಗೆ ಬರೆದ ಪತ್ರದಲ್ಲಿ ಇನ್ನೊಂದು, ಮಿತ್ರರ ಮುಂದೆ ಮತ್ತೊಂದು ಕಾರಣ ಕಾಣಿಸಿದರೆ ಆ ವ್ಯತ್ಯಾಸವೇ ಮಾಹಿತಿ. ಕಾರಣ ಬದಲಾಯಿತು ಎಂದ ಮಾತ್ರಕ್ಕೆ ಮೋಸ ನಡೆಯಿತು ಎಂದು ಹೇಳಲಾಗದು, ಏಕೆಂದರೆ ಪರಿಸ್ಥಿತಿ ನಿಜವಾಗಿಯೂ ಬದಲಾಗಿರಬಹುದು. ಆದರೆ ಒಂದು ಕಾರಣ ಕುಸಿದ ಮೇಲೂ ನಿರ್ಧಾರ ಮಾತ್ರ ಕದಲದೆ ಉಳಿದು, ಅದರ ಜಾಗಕ್ಕೆ ಮತ್ತೊಂದು ಕಾರಣ ಬಂದು ಕುಳಿತರೆ, ಮೊದಲಿನ ಕಾರಣ ಆ ನಿರ್ಧಾರದ ಭಾರವನ್ನು ಹೊತ್ತಿರಲಿಲ್ಲ ಎಂದು ಅನುಮಾನಿಸಲು ಆಧಾರ ಸಿಗುತ್ತದೆ.

2003ರ ಇರಾಕ್ ಯುದ್ಧದ ಬಗ್ಗೆ ಅಮೆರಿಕದ ಅಂದಿನ ರಕ್ಷಣಾ ಉಪ ಕಾರ್ಯದರ್ಶಿ ಪಾಲ್ ವೋಲ್ಫೊವಿಟ್ಜ್ ಅದೇ ವರ್ಷದ ಮೇ ತಿಂಗಳ ಸಂದರ್ಶನವೊಂದರಲ್ಲಿ ಹೇಳಿದ ಮಾತನ್ನು ಇಲ್ಲಿ ನೆನೆಯಬೇಕು. ಆಡಳಿತ ವ್ಯವಸ್ಥೆಯ ಕಾರಣಗಳಿಗಾಗಿ, ಎಲ್ಲರೂ ಒಪ್ಪಬಹುದಾದ ಒಂದೇ ಒಂದು ವಿಷಯವನ್ನು, ಅಂದರೆ ಸಮೂಹನಾಶಕ ಅಸ್ತ್ರಗಳ ವಿಷಯವನ್ನು, ಮುಖ್ಯ ಕಾರಣವನ್ನಾಗಿ ಇಟ್ಟುಕೊಂಡೆವು ಎಂಬುದು ಅದರ ಸಾರ. ಭಯೋತ್ಪಾದನೆಗೆ ಬೆಂಬಲ, ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ತನ್ನ ಜನರ ಮೇಲೆ ನಡೆಸಿದ ಕ್ರೌರ್ಯ ಮುಂತಾದ ಇತರ ಕಾಳಜಿಗಳೂ ಇದ್ದವು ಎಂದು ಅವರು ಅದೇ ಸಂದರ್ಶನದಲ್ಲಿ ಹೇಳಿದ್ದರು. ಈ ಮಾತಿನ ಮೊದಲ ಅರ್ಧವನ್ನಷ್ಟೇ ಎತ್ತಿ ತೋರಿಸುವುದು ನ್ಯಾಯವಲ್ಲ. ಪೂರ್ತಿ ಓದಿದರೆ, ಘೋಷಿತ ಕಾರಣ ಎಂಬುದು ಒಳಗಿನ ಹಲವು ಬಣಗಳು ಸಹಿ ಹಾಕಬಲ್ಲ ಕನಿಷ್ಠ ಒಪ್ಪಂದವೂ ಆಗಿರಬಹುದು ಎಂದು ತಿಳಿಯುತ್ತದೆ.

ಮೂರನೆಯ ಹೆಜ್ಜೆ: ನಿರ್ಧಾರ ಆದದ್ದು ಯಾವಾಗ ಎಂದು ಹುಡುಕಿ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು, ಏಕೆಂದರೆ ಮನಸ್ಸಿನ ಒಳಗನ್ನು ನೋಡಲಾಗದಿದ್ದರೂ ತಾರೀಕುಗಳನ್ನು ಹೋಲಿಸಿ ನೋಡಬಹುದು. ಯುದ್ಧಕ್ಕೆ ಕಾರಣ ಎನ್ನಲಾದ ಘಟನೆಗೂ ಮೊದಲೇ ನಿರ್ಧಾರ ಆಗಿತ್ತೆಂದು ಕಂಡುಬಂದರೆ, ಆ ಘಟನೆ ಹೆಚ್ಚೆಂದರೆ ಒಂದು ಅವಕಾಶವಾಗಿತ್ತು.

1956ರ ಸೂಯೆಜ್ ಪ್ರಕರಣ ಇದರ ಅತ್ಯಂತ ಸ್ಪಷ್ಟ ಉದಾಹರಣೆ. ಆ ವರ್ಷದ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ 29ರಂದು ಇಸ್ರೇಲ್ ಈಜಿಪ್ಟಿನ ಸಿನಾಯ್ ಮೇಲೆ ದಾಳಿ ಮಾಡಿತು. ಮರುದಿನ ಬ್ರಿಟನ್ ಮತ್ತು ಫ್ರಾನ್ಸ್, ಹೋರಾಡುತ್ತಿರುವ ಎರಡೂ ಕಡೆಯವರನ್ನು ಬೇರ್ಪಡಿಸಿ ಕಾಲುವೆಯನ್ನು ರಕ್ಷಿಸುತ್ತೇವೆ ಎಂದು ಹೇಳಿ, ಇಬ್ಬರೂ ಕಾಲುವೆಯಿಂದ ಹತ್ತು ಮೈಲಿ ದೂರ ಸರಿಯಬೇಕೆಂದು ಅಂತಿಮ ಎಚ್ಚರಿಕೆ ಕೊಟ್ಟವು. ನಕ್ಷೆಯನ್ನು ಮುಂದಿಟ್ಟುಕೊಂಡು ಆ ಎಚ್ಚರಿಕೆಯನ್ನು ಓದಿದ್ದರೆ ಅಂದೇ ಸಂಶಯ ಮೂಡುತ್ತಿತ್ತು: ಇಸ್ರೇಲಿನ ಮುಖ್ಯ ಪಡೆಗಳು ಆ ಹೊತ್ತಿಗೆ ಕಾಲುವೆಯಿಂದ ಇನ್ನೂ ದೂರದಲ್ಲಿದ್ದುದರಿಂದ, ಅದನ್ನು ಪಾಲಿಸುವ ಇಸ್ರೇಲ್ ಮುಂದಕ್ಕೆ ಬರಬಹುದಾಗಿತ್ತು, ಪಾಲಿಸುವ ಈಜಿಪ್ಟ್ ಮಾತ್ರ ತನ್ನದೇ ನೆಲದಲ್ಲಿ ಹಿಂದೆ ಸರಿಯಬೇಕಾಗಿತ್ತು. ನಿಜಕ್ಕೂ ದಾಳಿಗೆ ಮೊದಲೇ, ಅಕ್ಟೋಬರ್ 22ರಿಂದ 24ರವರೆಗೆ, ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಪ್ರತಿನಿಧಿಗಳು ಪ್ಯಾರಿಸ್ ಬಳಿಯ ಸೇವ್ರ್‌ನ ಮನೆಯೊಂದರಲ್ಲಿ ಗುಟ್ಟಾಗಿ ಸೇರಿ, ಯಾರು ಯಾವಾಗ ದಾಳಿ ಮಾಡಬೇಕು, ಎಚ್ಚರಿಕೆ ಯಾವಾಗ ಹೊರಡಬೇಕು ಎಂಬುದನ್ನು ಬರೆದು ಸಹಿ ಹಾಕಿದ್ದರು. ಬ್ರಿಟಿಷ್ ಪ್ರಧಾನಿ ಆಂಟನಿ ಈಡನ್ ತಮ್ಮ ಕಡೆಯ ಪ್ರತಿಯನ್ನು ನಾಶಮಾಡಿಸಿದರು, ಡಿಸೆಂಬರ್ 20ರಂದು ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ಇಸ್ರೇಲ್ ದಾಳಿಯ ಬಗ್ಗೆ ಮೊದಲೇ ತಿಳಿದಿರಲಿಲ್ಲ ಎಂದರು. ಇಸ್ರೇಲಿನ ಪ್ರತಿ ಉಳಿದುಕೊಂಡಿತು.

ತಾರೀಕುಗಳ ಲೆಕ್ಕ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. 1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಮ್ಯಾಡಕ್ಸ್ ನೌಕೆಯ ಮೇಲೆ ಉತ್ತರ ವಿಯೆಟ್ನಾಂ ದೋಣಿಗಳು ದಾಳಿ ಮಾಡಿದ್ದು ನಿಜ. ಆಗಸ್ಟ್ 4ರಂದು ನಡೆಯಿತೆಂದ ಎರಡನೆಯ ದಾಳಿ ನಡೆದೇ ಇರಲಿಲ್ಲ. ಆಗಸ್ಟ್ 7ರಂದು ಅಮೆರಿಕದ ಸೆನೆಟ್ 88–2 ಮತಗಳಿಂದ, ಕೆಳಮನೆ 416–0 ಮತಗಳಿಂದ ಅಧ್ಯಕ್ಷರಿಗೆ ಯುದ್ಧದ ಅಧಿಕಾರ ಕೊಟ್ಟವು. ಅಂತಹ ನಿರ್ಣಯದ ಕರಡು ಅದೇ ವರ್ಷದ ಮೇ–ಜೂನ್ ಹೊತ್ತಿಗೇ ಸಿದ್ಧವಾಗಿತ್ತು. ಆದರೆ ಸೇನೆ ಮತ್ತು ವಿದೇಶಾಂಗ ಕಚೇರಿಗಳು ಎಲ್ಲ ಸಂಭವಗಳಿಗೂ ಕರಡು ಮತ್ತು ಯೋಜನೆಗಳನ್ನು ಇಟ್ಟುಕೊಂಡಿರುತ್ತವೆ. ಯೋಜನೆ ಇತ್ತೆಂಬುದು ನಿರ್ಧಾರವಾಗಿತ್ತೆಂಬುದಕ್ಕೆ ಸಮನಲ್ಲ. ಸೈನ್ಯ ಸಾಗಣೆಗೆ ಹಣ ಬಿಡುಗಡೆಯಾಯಿತೇ, ಮೀಸಲು ಪಡೆಯನ್ನು ಕರೆಸಿದರೇ, ಹಿಂದೆ ಸರಿಯಲು ದಾರಿ ಉಳಿಸಿಕೊಂಡಿದ್ದರೇ ಎಂಬ ಪ್ರಶ್ನೆಗಳಿಂದಷ್ಟೇ ಯೋಜನೆ ಯಾವಾಗ ಸಂಕಲ್ಪವಾಯಿತು ಎಂದು ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಕೇಳಿದ್ದನ್ನು ಕೊಟ್ಟಾಗ ಏನು ಮಾಡಿದರು?

ಬೇಡಿಕೆಯೊಂದು ಈಡೇರಿದಾಗ ಅಥವಾ ಬಹುಮಟ್ಟಿಗೆ ಈಡೇರಿದಾಗ ಸರ್ಕಾರ ನಡೆದುಕೊಳ್ಳುವ ರೀತಿ ಅದರ ಉದ್ದೇಶವನ್ನು ಹೊರಗೆಡಹುತ್ತದೆ. ತಮ್ಮ ಯುವರಾಜನ ಹತ್ಯೆಗೆ ಸರ್ಬಿಯಾವನ್ನು ಹೊಣೆ ಮಾಡಿ 1914ರ ಜುಲೈ 7ರಂದು ಆಸ್ಟ್ರಿಯಾ–ಹಂಗೇರಿಯ ಮಂತ್ರಿಗಳು ಸಭೆ ಸೇರಿದಾಗ, ಹಂಗೇರಿಯ ಪ್ರಧಾನಿ ತಿಸಾ ಒಬ್ಬರನ್ನು ಬಿಟ್ಟು ಉಳಿದವರೆಲ್ಲ, ಸರ್ಬಿಯಾ ಒಪ್ಪಲಾಗದಂತಹ ಬೇಡಿಕೆಗಳನ್ನೇ ಮುಂದಿಡಬೇಕು ಎಂಬ ಅಭಿಪ್ರಾಯದವರಾಗಿದ್ದರು. ಬೇಡಿಕೆ ಪತ್ರವನ್ನು ಜುಲೈ 23ರ ಸಂಜೆ ಆರು ಗಂಟೆಗೆ ಕೊಡಲಾಯಿತು. ಫ್ರಾನ್ಸಿನ ಅಧ್ಯಕ್ಷರು ರಷ್ಯಾ ಭೇಟಿ ಮುಗಿಸಿ ಹಡಗು ಹತ್ತುವವರೆಗೆ ಅದನ್ನು ತಡೆಹಿಡಿದಿದ್ದರು. ಉತ್ತರಕ್ಕೆ 48 ಗಂಟೆ ಗಡುವು. ಸರ್ಬಿಯಾ ಹೆಚ್ಚಿನ ಅಂಶಗಳನ್ನು ಒಪ್ಪಿ ಇಲ್ಲವೇ ತಪ್ಪಿಸಿಕೊಳ್ಳುವ ಮಾತಿನಲ್ಲಿ ಸ್ವೀಕರಿಸಿ, ತನ್ನ ನೆಲದ ನ್ಯಾಯಾಂಗ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗವಹಿಸುವುದನ್ನು ಮಾತ್ರ ನೇರವಾಗಿ ನಿರಾಕರಿಸಿತು. ಬೆಲ್‌ಗ್ರೇಡಿನಲ್ಲಿದ್ದ ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಗಡುವಿನ ಹೊತ್ತಿಗೆ ಕೈಸೇರಿದ ಆ ಉತ್ತರದ ಮೇಲೆ ಕಣ್ಣಾಡಿಸಿ, ಸಂಬಂಧ ಕಡಿದುಕೊಂಡ ಪತ್ರ ಕಳುಹಿಸಿ, ಆರೂವರೆಯ ರೈಲಿಗೆ ಸಿಬ್ಬಂದಿಯೊಡನೆ ಊರು ಬಿಟ್ಟರು. ಉತ್ತರವನ್ನು ಓದಿ ಯೋಚಿಸಲು ಅರ್ಧ ಗಂಟೆಯನ್ನೂ ಕೊಡದ ಸರ್ಕಾರಕ್ಕೆ ಬೇಕಾಗಿದ್ದದ್ದು ಉತ್ತರವಾಗಿರಲಿಲ್ಲ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಅದೇ ಉತ್ತರವನ್ನು ಓದಿದ ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮ್ ಜುಲೈ 28ರಂದು, ಇದರೊಂದಿಗೆ ಯುದ್ಧಕ್ಕೆ ಕಾರಣವೇ ಇಲ್ಲದಾಯಿತು ಎಂದು ಬರೆದರು. ಆಸ್ಟ್ರಿಯಾ ಅಂದೇ ಯುದ್ಧ ಘೋಷಿಸಿತು.

ಇದೇ ಪರೀಕ್ಷೆಯನ್ನು ಇರಾಕ್‌ಗೂ ಹಚ್ಚಿ ನೋಡಬಹುದು. 2002ರ ನವೆಂಬರ್ 27ರಂದು ವಿಶ್ವಸಂಸ್ಥೆಯ ಅಸ್ತ್ರ ತಪಾಸಕರು ಇರಾಕಿನಲ್ಲಿ ಕೆಲಸ ಮತ್ತೆ ಆರಂಭಿಸಿದರು. ಅವರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ 2003ರ ಮಾರ್ಚ್ 7ರಂದು, ಉಳಿದ ಕೆಲಸಕ್ಕೆ ವರ್ಷಗಳೂ ಬೇಡ, ವಾರಗಳೂ ಸಾಲವು, ತಿಂಗಳುಗಳು ಬೇಕು ಎಂದು ಭದ್ರತಾ ಮಂಡಳಿಗೆ ತಿಳಿಸಿದರು. ಹತ್ತು ದಿನಗಳಲ್ಲಿ ಅಮೆರಿಕದ ಬೇಡಿಕೆಯೇ ಬದಲಾಗಿ, ಸದ್ದಾಂ ಮತ್ತು ಅವರ ಮಕ್ಕಳು 48 ಗಂಟೆಗಳಲ್ಲಿ ದೇಶ ಬಿಡಬೇಕು ಎಂಬಲ್ಲಿಗೆ ಬಂದು ನಿಂತಿತ್ತು. ಅಸ್ತ್ರ ಪತ್ತೆಯೊಂದೇ ಗುರಿಯಾಗಿದ್ದರೆ ತಿಂಗಳುಗಳನ್ನು ಕಾಯಲು ಅಡ್ಡಿಯಾದದ್ದೇನು ಎಂಬ ಪ್ರಶ್ನೆಗೆ, ಬೇಸಿಗೆಯ ಬಿಸಿ, ಗಡಿಯಲ್ಲಿ ಕಾಯುತ್ತಿದ್ದ ದೊಡ್ಡ ಸೈನ್ಯ, ತಪಾಸಣೆ ಬರಿಯ ಕಾಲಹರಣ ಎಂಬ ಅಪನಂಬಿಕೆ, ಹೀಗೆ ಉತ್ತರಗಳಿವೆ. ಅವನ್ನೂ ಬರೆದುಕೊಂಡೇ ತೂಗಬೇಕು. ಬ್ರಿಟನ್ನಿನ ಚಿಲ್ಕಾಟ್ ತನಿಖಾ ಸಮಿತಿ 2016ರ ಜುಲೈನಲ್ಲಿ, ಶಾಂತಿಯುತ ದಾರಿಗಳು ಮುಗಿಯುವ ಮೊದಲೇ ಯುದ್ಧವನ್ನು ಆಯ್ದುಕೊಳ್ಳಲಾಯಿತು ಎಂಬ ತೀರ್ಮಾನಕ್ಕೆ ಬಂದಿತು.

ಐದನೆಯ ಹೆಜ್ಜೆ: ಭಿನ್ನಮತಕ್ಕೆ ಏನಾಯಿತು ಎಂದು ನೋಡಿ

ಸುಳ್ಳು ಹೇಳುವುದಕ್ಕೂ ತಪ್ಪಾಗಿ ನಂಬುವುದಕ್ಕೂ ಬಹಳ ವ್ಯತ್ಯಾಸವಿದೆ, ಮತ್ತು ಇವೆರಡರ ನಡುವೆ ಇನ್ನೊಂದು ಸ್ಥಿತಿಯೂ ಇದೆ: ತನಗೆ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುವುದು. ಯುದ್ಧದ ನಿರ್ಧಾರಗಳಲ್ಲಿ ಈ ಮೂರನೆಯದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಇದನ್ನು ಪತ್ತೆಹಚ್ಚಲು, ಸರ್ಕಾರದೊಳಗಿನ ತಜ್ಞರು ಬೇರೆ ಮಾತು ಹೇಳಿದಾಗ ಆ ಮಾತು ಎಲ್ಲಿಯವರೆಗೆ ಹೋಯಿತು ಎಂಬುದನ್ನು ಹಿಂಬಾಲಿಸಬೇಕು.

ಇರಾಕ್ ಕೊಳ್ಳಲು ಯತ್ನಿಸಿದ್ದ ಅಲ್ಯೂಮಿನಿಯಂ ಕೊಳವೆಗಳ ಕಥೆ ಇದಕ್ಕೆ ತಕ್ಕುದು. 81 ಮಿಲಿಮೀಟರ್ ಹೊರವ್ಯಾಸ, 900 ಮಿಲಿಮೀಟರ್ ಉದ್ದದ ಆ ಕೊಳವೆಗಳು ಅಣುಬಾಂಬಿಗಾಗಿ ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್‌ಗಳಿಗೆಂದೇ ಇವೆ ಎಂದು ಸಿ.ಐ.ಎ. ವಾದಿಸಿತು. ಅಮೆರಿಕದಲ್ಲಿ ಸೆಂಟ್ರಿಫ್ಯೂಜ್‌ಗಳನ್ನು ಚೆನ್ನಾಗಿ ಬಲ್ಲವರಿದ್ದ ಇಂಧನ ಇಲಾಖೆಯ ತಜ್ಞರು ಅದನ್ನು ಒಪ್ಪಲಿಲ್ಲ: ಗೋಡೆಯ ದಪ್ಪ ಹೆಚ್ಚಾಯಿತು, ಅಳತೆ ಹೊಂದುವುದಿಲ್ಲ, ಇರಾಕ್ ಮೊದಲಿನಿಂದಲೂ ಬಳಸುತ್ತಿದ್ದ 81 ಮಿಲಿಮೀಟರ್ ರಾಕೆಟ್‌ಗಳಿಗೆ ಮಾತ್ರ ಸರಿಯಾಗಿ ಹೊಂದುತ್ತದೆ ಎಂದರು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಅವರ ಜೊತೆ ನಿಂತಿತು. 2002ರ ಅಕ್ಟೋಬರಿನ ಗೋಪ್ಯ ಅಂದಾಜು ವರದಿಯಲ್ಲಿ ಈ ಭಿನ್ನಮತ ದಾಖಲಾಗಿತ್ತು. ಸಾರ್ವಜನಿಕ ಭಾಷಣಗಳಿಗೆ ಬರುವಷ್ಟರಲ್ಲಿ ಅದು ಸೊರಗಿಹೋಗಿತ್ತು. 2003ರ ಫೆಬ್ರವರಿ 5ರಂದು ಭದ್ರತಾ ಮಂಡಳಿಯಲ್ಲಿ ಅಮೆರಿಕದ ಅಂದಿನ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಒಪ್ಪಿಕೊಂಡರೂ ಸೆಂಟ್ರಿಫ್ಯೂಜ್ ವಾದದ ಪರವಾಗಿಯೇ ಮಾತು ಮುಂದುವರಿಸಿದರು. ಬೇಡದ ಉತ್ತರ ಕೊಟ್ಟವರ ಮಾತು ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪವಾಗಿ ಕರಗುತ್ತಾ ಹೋಗಿದ್ದರೆ, ನಿರ್ಧಾರ ಮೇಲಿನಿಂದ ಕೆಳಗೆ ಇಳಿದು ಬಂದಿತ್ತೆಂದು ಊಹಿಸಲು ಆಧಾರವಿದೆ.

ಆರನೆಯ ಹೆಜ್ಜೆ: ಲಾಭ ಪಡೆದವರನ್ನು ಗುರುತಿಸಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಯಾರಿಗೆ ಲಾಭವಾಯಿತು ಎಂದು ಕೇಳುವುದು ಸರಿಯಾದ ಪ್ರಶ್ನೆ; ಲಾಭವಾದವರೇ ಮಾಡಿಸಿದರು ಎನ್ನುವುದು ಅವಸರದ ಉತ್ತರ. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ತೈಲ ಸಚಿವಾಲಯಕ್ಕೆ ಅಮೆರಿಕದ ಸೈನಿಕರ ಕಾವಲಿತ್ತು, ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ತೈಲ ಅವರ ಆದ್ಯತೆಯ ಪಟ್ಟಿಯಲ್ಲಿ ಮೇಲಿತ್ತು ಎಂಬುದಕ್ಕೆ ಇದು ಸಾಕ್ಷ್ಯ. ಅದರ ಎದುರಿಗೆ ಇರಾಕಿನ ತೈಲ ಕ್ಷೇತ್ರಗಳ 2009ರ ಹರಾಜುಗಳನ್ನು ಇಡಬೇಕು: ರುಮೈಲಾ ಕ್ಷೇತ್ರ ಬ್ರಿಟನ್ನಿನ ಬಿ.ಪಿ. ಜೊತೆಗೆ ಚೀನಾದ ಸರ್ಕಾರಿ ಕಂಪನಿಗೆ, ಪಶ್ಚಿಮ ಕುರ್ನಾದ ಎರಡನೆಯ ಭಾಗ ರಷ್ಯಾದ ಲುಕಾಯಿಲ್ ನೇತೃತ್ವದ ಕೂಟಕ್ಕೆ, ಮಜ್ನೂನ್ ಕ್ಷೇತ್ರ ಶೆಲ್ ಮತ್ತು ಮಲೇಷ್ಯಾದ ಪೆಟ್ರೊನಾಸ್‌ಗೆ ಹೋದವು. ಅಮೆರಿಕದ ಕಂಪನಿಗಳಿಗೆ ತೈಲ ದೋಚಿಕೊಡುವುದೇ ಗುರಿ ಎಂಬ ಸರಳ ರೂಪದ ವಾದಕ್ಕೆ ಇದು ಹೊಂದುವುದಿಲ್ಲ. ತೈಲವಿರುವ ಪ್ರದೇಶದಲ್ಲಿ ತನ್ನ ಹಿಡಿತ ಬಿಗಿಯಾಗಿರಬೇಕು ಎಂಬ ಇನ್ನೊಂದು ರೂಪದ ವಾದ ಇಷ್ಟರಿಂದ ಬೀಳುವುದೂ ಇಲ್ಲ. ವಾದವನ್ನು ಹೀಗೆ ನಿಖರವಾಗಿ ಬಿಡಿಸಿ ಬರೆದುಕೊಂಡ ಮೇಲೆಯೇ, ಅದು ನಿಜವಾಗಿದ್ದರೆ ಏನು ಕಾಣಬೇಕಿತ್ತು, ಸುಳ್ಳಾಗಿದ್ದರೆ ಏನು ಕಾಣಬಾರದಿತ್ತು ಎಂದು ಕೇಳಲು ಸಾಧ್ಯ.

ದೇಶದೊಳಗಿನ ರಾಜಕೀಯದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಜನರ ಸಿಟ್ಟನ್ನು ಬೇರೆಡೆಗೆ ತಿರುಗಿಸಲು ಅರ್ಜೆಂಟೀನಾದ ಸೇನಾ ಸರ್ಕಾರ 1982ರ ಏಪ್ರಿಲ್ 2ರಂದು ಬ್ರಿಟನ್ನಿನ ಆಡಳಿತದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳನ್ನು ಆಕ್ರಮಿಸಿತು ಎಂದು ಎಲ್ಲೆಡೆ ಓದುತ್ತೇವೆ, ಮಾರ್ಚ್ 30ರಂದು ಬ್ಯೂನಸ್ ಐರಿಸ್‌ನಲ್ಲಿ ನಡೆದ ಕಾರ್ಮಿಕರ ದೊಡ್ಡ ಪ್ರತಿಭಟನೆಯನ್ನು ಅದಕ್ಕೆ ಜೋಡಿಸುತ್ತೇವೆ. ಆದರೆ ಆಕ್ರಮಣದ ನಿರ್ಧಾರ ಮಾರ್ಚ್ 26ರಂದೇ ಆಗಿತ್ತು, ಯೋಜನೆ 1981ರ ಡಿಸೆಂಬರಿನಿಂದಲೇ ನೌಕಾಪಡೆಯಲ್ಲಿ ತಯಾರಾಗುತ್ತಿತ್ತು. ಒಳಗಿನ ಅಶಾಂತಿ ಸಮಯವನ್ನು ಮುಂದಕ್ಕೆ ತಂದಿರಬಹುದು, ದ್ವೀಪಗಳ ಮೇಲಿನ ಹಳೆಯ ಹಕ್ಕುದಾರಿಕೆ ಗುರಿಯನ್ನು ಒದಗಿಸಿರಬಹುದು. ಈ ಎರಡನ್ನೂ ಒಂದೇ ಎಂದು ಬೆರೆಸಬಾರದು.

ಏಳನೆಯ ಹೆಜ್ಜೆ: ನೀವು ಮೆಚ್ಚುವ ಯುದ್ಧವನ್ನೂ ಇದೇ ತಕ್ಕಡಿಯಲ್ಲಿಡಿ

ಇಷ್ಟವಿಲ್ಲದ ಸರ್ಕಾರದ ಯುದ್ಧಕ್ಕೆ ಮಾತ್ರ ಈ ಪರೀಕ್ಷೆಗಳನ್ನು ಹಚ್ಚಿದರೆ ಅದು ಪರಿಶೀಲನೆ ಎನಿಸಿಕೊಳ್ಳುವುದಿಲ್ಲ. 1971ರ ಭಾರತದ ಯುದ್ಧವನ್ನು ತೆಗೆದುಕೊಳ್ಳಿ. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಪೂರ್ವ ಬಂಗಾಳದಲ್ಲಿ ಆರಂಭಿಸಿದ ಹತ್ಯಾಕಾಂಡ, ಸುಮಾರು ಒಂದು ಕೋಟಿ ನಿರಾಶ್ರಿತರು, ಡಿಸೆಂಬರ್ 3ರ ಪಾಕಿಸ್ತಾನದ ವಿಮಾನ ದಾಳಿ, ಇವು ಘೋಷಿತ ಕಾರಣಗಳು, ಮತ್ತು ಎಲ್ಲವೂ ನಡೆದದ್ದೇ. ಅದರ ಜೊತೆಗೆ, ಭಾರತೀಯ ಪಡೆಗಳು ನವೆಂಬರ್ ಉತ್ತರಾರ್ಧದಲ್ಲೇ ಪೂರ್ವದ ಗಡಿ ದಾಟಿ ಹೋರಾಡುತ್ತಿದ್ದವು, ನೆರೆಯ ಎದುರಾಳಿ ಎರಡಾಗುವುದರಿಂದ ಭಾರತಕ್ಕಾಗುವ ಅನುಕೂಲ ಬಲ್ಲವರೆಲ್ಲರಿಗೂ ಗೊತ್ತಿತ್ತು, ಆಗಸ್ಟ್ 9ರ ಸೋವಿಯತ್ ಒಪ್ಪಂದ ಆ ದಿಕ್ಕಿನಲ್ಲಿ ದೊಡ್ಡ ಸಿದ್ಧತೆಯಾಯಿತು ಎಂಬುದನ್ನೂ ಬರೆಯಬೇಕು. ಕರುಣೆ ಮತ್ತು ಹಿತಾಸಕ್ತಿ ಒಂದೇ ದಿಕ್ಕಿಗೆ ಎಳೆಯುತ್ತಿದ್ದಾಗ ಯಾವುದು ಎಷ್ಟು ಎಳೆಯಿತು ಎಂದು ಅಳೆಯುವುದು ಬಹಳ ಕಷ್ಟ. ಹಾಗೆಂದು ಒಪ್ಪಿಕೊಳ್ಳುವುದರಿಂದ ಆ ಒಂದು ಕೋಟಿ ಜನರ ಸಂಕಟವಾಗಲಿ, ಅವರು ಮನೆಗೆ ಮರಳಲು ಸಾಧ್ಯವಾದದ್ದಾಗಲಿ ಚಿಕ್ಕದಾಗುವುದಿಲ್ಲ.

ಎಂಟನೆಯ ಹೆಜ್ಜೆ: ಉದ್ದೇಶದ ತೀರ್ಪನ್ನೂ ಯುದ್ಧದ ತೀರ್ಪನ್ನೂ ಬೇರೆ ಹಾಳೆಗಳಲ್ಲಿ ಬರೆಯಿರಿ

1978ರ ಡಿಸೆಂಬರ್ 25ರಂದು ವಿಯೆಟ್ನಾಂ ಕಾಂಬೋಡಿಯಾದ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿ, 1979ರ ಜನವರಿ 7ರಂದು ನಾಮ್‌ಪೆನ್ ನಗರವನ್ನು ವಶಪಡಿಸಿಕೊಂಡಿತು. ಅದನ್ನು ಪ್ರಚೋದಿಸಿದ್ದು ಮುಖ್ಯವಾಗಿ ಕಾಂಬೋಡಿಯಾವನ್ನು ಆಳುತ್ತಿದ್ದ ಖ್ಮೇರ್ ರೂಜ್ ಗಡಿಯಾಚೆಯಿಂದ ನಡೆಸುತ್ತಿದ್ದ ದಾಳಿಗಳು ಮತ್ತು ಚೀನಾದ ಬೆಂಬಲ ಪಡೆದ ಶತ್ರು ಪಕ್ಕದಲ್ಲಿರುವ ಭಯ. ಆದರೂ ಖ್ಮೇರ್ ರೂಜ್ ನಾಯಕ ಪೋಲ್ ಪಾಟ್ ಆಳ್ವಿಕೆಯ ಸಾಮೂಹಿಕ ಹತ್ಯೆ ನಿಂತದ್ದು ಆ ಯುದ್ಧದಿಂದ. ವಿಯೆಟ್ನಾಂ ಪಡೆಗಳು 1989ರವರೆಗೆ ಅಲ್ಲಿಯೇ ಉಳಿದದ್ದೂ ಅದೇ ಯುದ್ಧದ ಮುಂದುವರಿಕೆ. ಸ್ವಾರ್ಥದ ಉದ್ದೇಶದಿಂದ ಒಳ್ಳೆಯ ಫಲ ಬರಬಹುದು, ಪ್ರಾಮಾಣಿಕ ಉದ್ದೇಶದಿಂದ ಘೋರ ಅನಾಹುತವಾಗಬಹುದು. ಉದ್ದೇಶ ತಿಳಿಯುವುದರ ಉಪಯೋಗ ಬೇರೆ: ಯುದ್ಧ ಎಲ್ಲಿ ನಿಲ್ಲುತ್ತದೆ, ಗೆದ್ದ ಮೇಲೆ ಸರ್ಕಾರ ಏನನ್ನು ಬಿಟ್ಟುಕೊಡುತ್ತದೆ, ಮುಂದಿನ ಸಲ ಅದರ ಮಾತನ್ನು ಎಷ್ಟು ನಂಬಬಹುದು ಎಂಬುದನ್ನು ಅಂದಾಜು ಮಾಡಲು ಅದು ಬೇಕು.

ಕೊನೆಯದಾಗಿ, ತೀರ್ಮಾನವನ್ನು ಖಚಿತತೆಯ ಮಟ್ಟದೊಂದಿಗೆ ಬರೆದಿಡಿ. ‘ಈ ಕಾರಣ ನಿರ್ಣಾಯಕವಾಗಿತ್ತು ಎಂಬುದು ಬಹುತೇಕ ಖಚಿತ’, ‘ಇದು ಸಮಯವನ್ನು ನಿರ್ಧರಿಸಿರಬಹುದು’, ‘ಇದಕ್ಕೆ ಇನ್ನೂ ಸಾಕ್ಷ್ಯವಿಲ್ಲ’ ಎಂಬ ಮೂರು ಗುಂಪುಗಳು ಸಾಮಾನ್ಯವಾಗಿ ಸಾಕು. ಪ್ರತಿಯೊಂದರ ಕೆಳಗೂ, ಯಾವ ದಾಖಲೆ ಸಿಕ್ಕರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಎಂದು ಒಂದು ಸಾಲು ಸೇರಿಸಿ. ಯುದ್ಧದ ಮೊದಲ ವಾರಗಳಲ್ಲಿ ಮೊದಲ ಗುಂಪು ಖಾಲಿಯಾಗಿಯೇ ಇರಬಹುದು, ಅದರಲ್ಲಿ ತಪ್ಪೇನಿಲ್ಲ. 2002ರ ಜುಲೈ 23ರಂದು ಲಂಡನ್ನಿನ ಡೌನಿಂಗ್ ಬೀದಿಯ ಪ್ರಧಾನಿ ಕಚೇರಿಯಲ್ಲಿ ಇರಾಕ್ ಬಗ್ಗೆ ನಡೆದ ಸಭೆಯ ಟಿಪ್ಪಣಿ ಮೂರು ವರ್ಷಗಳೊಳಗೆ ಪತ್ರಿಕೆಗೆ ಸೋರಿಕೆಯಾಯಿತು. ಸೇವ್ರ್ ಒಪ್ಪಂದದ ಪ್ರತಿ ಜನರ ಕಣ್ಣಿಗೆ ಬೀಳಲು ನಾಲ್ಕು ದಶಕ ಬೇಕಾಯಿತು. ಮೆಕ್‌ನಾಟನ್ ಟಿಪ್ಪಣಿಯಿರುವ ಪೆಂಟಗನ್ ದಾಖಲೆಗಳು, ಅಂದರೆ ವಿಯೆಟ್ನಾಂ ಬಗ್ಗೆ ಅಮೆರಿಕದ ರಕ್ಷಣಾ ಇಲಾಖೆ ಮಾಡಿಸಿದ ಗೋಪ್ಯ ಅಧ್ಯಯನ, 1971ರಲ್ಲಿ ಸೋರಿಕೆಯಾದವು, ಅವುಗಳ ಪೂರ್ಣ ಪಾಠ ಅಧಿಕೃತವಾಗಿ ಬಿಡುಗಡೆಯಾದದ್ದು 2011ರಲ್ಲಿ. ಆದುದರಿಂದ ಹಾಳೆಯ ಮೇಲೆ ಬರೆದ ದಿನದ ತಾರೀಕು ಹಾಕಿಡಿ, ಹೊಸ ದಾಖಲೆ ಹೊರಬಂದಾಗಲೆಲ್ಲ ಅದನ್ನು ತೆಗೆದು ಸಾಲುಗಳನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿಸಿ.